ತೆಗೆದ ಸೇತುವೆ

ಅಥವಾ ಆ ದಿನ ಫೋನ್ ಹಿಡಿದಿದ್ದವಳು ನಾನೇ ಇರಬಹುದು, ಕೀಬೋರ್ಡಿನ ಮುಂದೆ ಕೂತಿದ್ದವರು ನನ್ನ ಸಹೋದ್ಯೋಗಿ ಇರಬಹುದು. ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿರುವುದು ಇದರ ತಿರುಗಾಮುರುಗಾ: ಅವರು ಹೇಳಿದರು, ನಾನು ತಪ್ಪಾಗಿ ಕೇಳಿಸಿಕೊಂಡೆ. ಹೋದ ತಿಂಗಳು ಅವರನ್ನೇ ವಿಚಾರಿಸಿದರೆ, "ಛೇ ಅಕ್ಕಾರ, ಹೇಳಿದಾಕಿ ನೀವು, ತಪ್ಪು ಕೇಳಿದಾಂವ ನಾನು" ಎಂದರು. ಇಬ್ಬರೂ ತಪ್ಪು ತಮ್ಮದೆನ್ನುವುದು ಸೌಜನ್ಯದಿಂದಲ್ಲ. ಕೇಳಿಸಿಕೊಂಡವರ ತಪ್ಪು ಹೇಳಿದವರ ತಪ್ಪಿಗಿಂತ ಚಿಕ್ಕದು ಅಂತ ಇಬ್ಬರಿಗೂ ಗೊತ್ತು.

ನಾವು ಬಳಸುತ್ತಿದ್ದ ನಕ್ಷೆಯ ಸಾಫ್ಟ್‌ವೇರಿನಲ್ಲಿ ಒಂದು ಕಮಾಂಡ್ ಇತ್ತು. ಅಂಕುಡೊಂಕಾದ ರಸ್ತೆಯನ್ನು ಆರಿಸಿ ಅದನ್ನು ಕೊಟ್ಟರೆ ಸಣ್ಣ ತಿರುವುಗಳೆಲ್ಲ ಮಾಯವಾಗಿ ಗೆರೆ ನಯವಾಗುತ್ತಿತ್ತು. ನೋಡಲು ಚೆನ್ನ, ಆ ದಾರಿಯಲ್ಲಿ ಹೋಗುವವರಿಗೆ ಮೋಸ. ನನ್ನ ನೆನಪು ಆ ಕಮಾಂಡನ್ನು ನನ್ನ ಅಪ್ಪಣೆ ಕೇಳದೆ ಕೊಡುತ್ತಿರುತ್ತದೆ. ಹಾಗಾಗಿ ಗೊತ್ತಿರುವಷ್ಟು ಬರೆಯುತ್ತೇನೆ, ಅನುಮಾನ ಬಂದಲ್ಲಿ ಹೇಳಿಬಿಡುತ್ತೇನೆ. ಸದ್ಯಕ್ಕೆ ಫೋನ್ ಅವರ ಕೈಯಲ್ಲೇ ಇರಲಿ.

ತೊಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ವರ್ಜೀನಿಯಾದಲ್ಲಿ, ಸ್ಟರ್ಲಿಂಗ್‌ನ ಒಂದು ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ನಕ್ಷೆ ಕಂಪನಿ. ಪಕ್ಕದ ಡಲ್ಲಸ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕಿಟಕಿಯ ಗಾಜನ್ನು ಒಂದು ಸಲ ನಡುಗಿಸಿ ಹೋಗುತ್ತಿದ್ದವು. ಕಂಪನಿಯ ಒಡತಿ ಅರವತ್ತು ದಾಟಿದ ಅಮೆರಿಕನ್ ಹೆಂಗಸು, ಹಿಂದೆ ಸರ್ವೇಯರ್ ಆಗಿದ್ದವರು, ಕೂದಲಲ್ಲಿ ಸದಾ ಒಂದು ಪೆನ್ಸಿಲ್. ಕಂಪ್ಯೂಟರ್ ಮುಂದೆ ನಾವಿಬ್ಬರು: ಮೈಸೂರಿನ ನಾನು, ಧಾರವಾಡದ ಸಹೋದ್ಯೋಗಿ. ನನಗಿಂತ ನಾಲ್ಕು ವರ್ಷ ಚಿಕ್ಕವರಾದ್ದರಿಂದ ನನ್ನನ್ನು ಅಕ್ಕಾರ ಎನ್ನುತ್ತಿದ್ದರು.

ಆ ವರ್ಷ ಚಳಿಗಾಲದ ಕೊನೆಯಲ್ಲಿ ದೇಶದ ಆ ತುದಿಯ, ಪಶ್ಚಿಮದ ಬೆಟ್ಟಗಳಲ್ಲಿ ಮಳೆಯೂ ಕರಗಿದ ಹಿಮವೂ ಒಟ್ಟಿಗೆ ಇಳಿದು ಕಾಡಿನ ರಸ್ತೆಗಳನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಗಿತ್ತು. ಶರತ್ಕಾಲದಲ್ಲಿ ಅಲ್ಲಿ ಎಲ್ಕ್ ಬೇಟೆ. ಎಲ್ಕ್ ಎಂದರೆ ನಮ್ಮ ಕಡವೆಯ ಅಣ್ಣನಂಥ ಪ್ರಾಣಿ. ನಾವಿಬ್ಬರೂ ಅದನ್ನು ಕಂಡವರಲ್ಲ, ತಿನ್ನುವವರಂತೂ ಅಲ್ಲವೇ ಅಲ್ಲ. ಬೇಟೆಗಾರರಿಗೆ ಯಾವ ರಸ್ತೆಯಲ್ಲಿ ಎಲ್ಲಿಯವರೆಗೆ ಗಾಡಿ ಹೋಗುತ್ತದೆ, ಎಲ್ಲಿಂದ ನಡೆಯಬೇಕು ಎಂದು ತೋರಿಸುವ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ.

"ನಮ್ಮವ್ವಗ ಗೊತ್ತಾದ್ರ ಮನಿ ಒಳಗ ಬಿಟ್ಕೊಳ್ಳೂದಿಲ್ರಿ" ಎನ್ನುತ್ತಿದ್ದರು ಅವರು.

"ನೀವು ರಸ್ತೆ ತೋರಿಸ್ತೀರಿ ಅಷ್ಟೆ, ಬಂದೂಕು ಹಿಡೀತಿಲ್ವಲ್ಲ."

"ಆಕಿ ಕಣ್ಣಾಗ ಎರಡೂ ಒಂದ."

ಕೆಲಸದ ಕ್ರಮ ಹೀಗಿತ್ತು. ಸರ್ಕಾರಿ ನಕ್ಷೆಯ ಹಾಳೆಯನ್ನು ಡಿಜಿಟೈಸರ್ ಮೇಜಿಗೆ ಅಂಟಿಸಿ, ರಸ್ತೆಯ ಮೇಲೆ ಕರ್ಸರ್ ಎಳೆದು, ತಿರುವು ತಿರುವಿಗೂ ಗುಂಡಿ ಒತ್ತಿ ಗೆರೆಯನ್ನು ಕಂಪ್ಯೂಟರಿಗೆ ತುಂಬುವುದು. ಪ್ರತಿ ರಸ್ತೆಯನ್ನೂ ತುಂಡು ಮಾಡಿ ತುಂಡಿಗೊಂದು ಅಂಕಿ: ಸೊನ್ನೆ ಎಂದರೆ ಮುಚ್ಚಿದೆ, ಒಂದು ಎಂದರೆ ತೆರೆದಿದೆ, ಎರಡು ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮಾತ್ರ, ಮೂರು ಎಂದರೆ ಕಾಲ್ನಡಿಗೆ. ಅಂಕಿ ಸಿಗುತ್ತಿದ್ದುದು ಆ ಕಾಡಿನ ಕಚೇರಿಯ ಗುಮಾಸ್ತೆಯಿಂದ. ಅವರ ಬೆಳಗಿನ ಎಂಟು ನಮಗೆ ಹನ್ನೊಂದು. ಸಹೋದ್ಯೋಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಆಕೆ ಇಂಗ್ಲಿಷಿನಲ್ಲಿ ಓದಿದ್ದನ್ನು ಮರದ ಅಡ್ಡಗೋಡೆಯ ಮೇಲಿಂದ ನನಗೆ ಕನ್ನಡದಲ್ಲಿ ದಾಟಿಸುತ್ತಿದ್ದರು. "ಹದಿನೇಳನೇದು ಎರಡನೇ ಮೈಲಿಗೆ ಕೊಚ್ಚಿ ಹೋಗೇದ. ಹದಿನೆಂಟು ಚಲೋ ಅದ." ನಾನು ಒತ್ತುತ್ತಿದ್ದೆ. ಬರೆದುಕೊಂಡು ಆಮೇಲೆ ತುಂಬುವುದಕ್ಕಿಂತ ಇದು ಮೂರು ಪಟ್ಟು ಬೇಗ. ಬಾಸ್‌ಗೆ ನಮ್ಮ ಮಾತು ಕೇಳಲು ಇಂಪಾಗಿತ್ತಂತೆ. ವಾರಗಟ್ಟಲೆ ಹೀಗೆ ನಡೆಯಿತು, ಏನೂ ತೊಂದರೆಯಾಗಲಿಲ್ಲ. ಆಗಿದ್ದರೂ ನಮಗೆ ಗೊತ್ತಾಗಿರಲಿಲ್ಲ.

ಅಕ್ಟೋಬರಿನ ಒಂದು ಬುಧವಾರ ಕೆರೊಲಿನಾದ ಗುಡ್ಡಗಾಡಿನಿಂದ ಒಬ್ಬ ಮುದುಕರ ಫೋನ್ ಬಂತು. ವಿದ್ಯುತ್ ಕಂಪನಿಯಲ್ಲಿ ಕಂಬ ಹತ್ತುವ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ನಕ್ಷೆ ತರಿಸಿಕೊಂಡಿದ್ದರು. ಅವರ ಇಂಗ್ಲಿಷು ಉದ್ದುದ್ದ ಎಳೆದ ರಾಗ, ನಾನು ಎರಡು ಸಲ ಕೇಳಿಸಿಕೊಂಡು ಮೂರನೆಯ ಸಲ ಉತ್ತರ ಕೊಡುತ್ತಿದ್ದೆ. ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ ಲಾಟರಿಯಲ್ಲಿ ಆ ಕಾಡಿನ ಎಲ್ಕ್ ಪರ್ಮಿಟ್ ಸಿಕ್ಕಿದೆ. ಒಂಬತ್ತು ದಿನದ ಸೀಸನ್, ಆ ಕಾಡಿಗೆ ಮಾತ್ರ, ಈ ವರ್ಷಕ್ಕೆ ಮಾತ್ರ. ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಬೇಕು. ಒಂದು ಮಂಡಿ ಸರಿಯಿಲ್ಲ, ಒಂದು ಮೈಲಿಗಿಂತ ಹೆಚ್ಚು ನಡೆಯಲಾಗದು. ಶನಿವಾರ ಬೆಳಿಗ್ಗೆ ಪಿಕಪ್ಪಿನಲ್ಲಿ ಹೊರಡುತ್ತಾರೆ, ನಾಲ್ಕು ದಿನದ ಹಾದಿ.

"ನಿಮ್ಮ ನಕ್ಷೆಯಲ್ಲಿ ಹೊಳೆಗೆ ಸೇತುವೆ ಇದೆ, ರಸ್ತೆ ತೆರೆದಿದೆ ಅಂತಿದೆ, ಮ್ಯಾಮ್. ಅದು ಎಷ್ಟು ಭಾರ ತಡೆಯುತ್ತದೆ?"

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆಂದು ಫೋನ್ ಇಟ್ಟೆ. ಗುಮಾಸ್ತೆಗೆ ಫೋನ್ ಮಾಡಿದೆ.

"ಯಾವ ಸೇತುವೆ?" ಎಂದಳು ಆಕೆ. "ಪ್ರವಾಹಕ್ಕೆ ಸಡಿಲವಾಗಿತ್ತಲ್ಲ, ಆಗಸ್ಟಿನಲ್ಲಿ ಕಿತ್ತು ಲಾರಿಗೆ ಹಾಕಿಕೊಂಡು ಹೋದರು. ನಿಮ್ಮವರಿಗೆ ಹೇಳಿದ್ದೆ."

ನಾನು ಅಡ್ಡಗೋಡೆಯ ಮೇಲಿಂದ ಇಣುಕಿದೆ. "ರೀ, ಮೇಲಿನ ಹೊಳೆ ಸೇತುವೆ ವಿಷಯ ನನಗೇನು ಹೇಳಿದ್ರಿ?"

"ಬ್ರಿಜ್ ತಗದಾರಂತ ಅಂದೆ."

"ಅದಕ್ಕೇ ನಾನು ಒಂದು ಅಂತ ಒತ್ತಿದೆ."

"ಸೊನ್ನಿ ಒತ್ತಬೇಕಿತ್ತು. ತಗದಾರ ಅಂದ್ರ ತಗದಾರ."

"ಅಂಗಡಿ ತೆಗೆದಿದ್ದಾರೆ ಅಂದ್ರೆ ಏನ್ರೀ ಅರ್ಥ?"

ಮುಚ್ಚಿದ್ದ ಸೇತುವೆಯನ್ನು ತೆಗೆದಿದ್ದಾರೆ ಎಂದರೆ ಸಂಚಾರಕ್ಕೆ ಬಿಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ಇದ್ದ ಸೇತುವೆಯನ್ನು ತೆಗೆದಿದ್ದಾರೆ ಎಂದರೆ ಇನ್ನಿಲ್ಲ ಎಂದು ಅವರು ಹೇಳಿದ್ದರು. ಇದರಲ್ಲಿ ಮೈಸೂರು, ಧಾರವಾಡದ ಜಗಳವೂ ಇಲ್ಲ. ಎರಡೂ ಊರಿನಲ್ಲಿ ಬಾಗಿಲು ತೆಗೆಯುತ್ತಾರೆ, ಎರಡೂ ಊರಿನಲ್ಲಿ ಹಲ್ಲು ತೆಗೆಯುತ್ತಾರೆ.

ಬಾಸ್‌ಗೆ ವಿವರಿಸುವುದು ಅದಕ್ಕಿಂತ ಕಷ್ಟವಾಯಿತು.

"ಬಾಗಿಲು ತೆರೆಯುವುದಕ್ಕೂ ಬಾಗಿಲು ಕಿತ್ತು ಹಾಕುವುದಕ್ಕೂ ನಿಮ್ಮಲ್ಲಿ ಒಂದೇ ಮಾತೇ?"

"ಹೌದು."

"ನಿಮ್ಮ ದೇಶದಲ್ಲಿ ಮನೆಗಳಿಗೆ ಬಾಗಿಲು ಉಳಿದಿವೆಯೇ?"

ಆಕೆ ನಕ್ಕರು, ಆದರೆ ಆ ಹಾಳೆಯ ಮಾರಾಟವನ್ನು ಅಲ್ಲೇ ನಿಲ್ಲಿಸಿದರು. ಕೊಂಡವರಿಗೆಲ್ಲ ತಿದ್ದುಪಡಿ ಹೋಗಬೇಕು, ಫೋನಿನಲ್ಲಿ ಬಂದ ಅಂಕಿಯನ್ನೆಲ್ಲ ಮತ್ತೆ ಕೇಳಿ ತಾಳೆ ನೋಡಬೇಕು. ಬುಧವಾರ ಮಧ್ಯಾಹ್ನವೆಲ್ಲ ಇಬ್ಬರೂ ಅದನ್ನೇ ಮಾಡಿದೆವು. ಇನ್ನೆರಡು "ತೆಗೆದ" ಸಿಕ್ಕವು. ಒಂದು ಗೇಟು: ತೆರೆದಿದ್ದರೂ ಕಿತ್ತಿದ್ದರೂ ಗಾಡಿ ಹೋಗುತ್ತದೆ, ಅದು ಬದುಕಿಕೊಂಡಿತು. ಇನ್ನೊಂದು ಮೋರಿ, ಅದನ್ನು ಕಿತ್ತ ಜಾಗದಲ್ಲಿ ಈಗ ಆಳೆತ್ತರದ ಹಳ್ಳ. ಆ ರಸ್ತೆಗೂ ಒಂದು ಎಂಬ ಅಂಕಿಯನ್ನೇ ಕೊಟ್ಟಿದ್ದೆವು. ಅದನ್ನು ಆಗಲೇ ಸೊನ್ನೆ ಮಾಡಿದೆವು. ಅಂದಿನಿಂದ ಕಚೇರಿಯಲ್ಲಿ ಆ ಕ್ರಿಯಾಪದಕ್ಕೆ ನಿಷೇಧ. ಮರುದಿನ ಊಟದ ಹೊತ್ತಿಗೆ ಸಹೋದ್ಯೋಗಿ ಗಂಭೀರವಾಗಿ ಕೇಳಿದರು: "ಅಕ್ಕಾರ, ಡಬ್ಬಿ ಓಪನ್ ಮಾಡ್ಲೋ, ಇಲ್ಲದಂಗ ಮಾಡ್ಲೋ?"

ಮುದುಕರಿಗೆ ಬುಧವಾರ ಸಂಜೆಯೇ ಫೋನ್ ಮಾಡಿ ನಿಜ ಹೇಳಿದೆ. ಸೇತುವೆ ಇಲ್ಲ, ತಪ್ಪು ನಮ್ಮದು. ಆ ಕಡೆ ಹಿಂದೆ ಯಾರೋ ಪಾತ್ರೆ ಇಡುವ ಶಬ್ದ ಕೇಳಿಸಿತು, ಅಥವಾ ಅದನ್ನು ನಾನು ಆಮೇಲೆ ಸೇರಿಸಿಕೊಂಡೆನೋ. ಕೊನೆಗೆ ಅವರು ಕೇಳಿದ್ದು ಒಂದೇ. "ಹುಲ್ಲುಗಾವಲಿಗೆ ಬೇರೆ ದಾರಿ ಇದೆಯೇ, ಮ್ಯಾಮ್?"

ಇಲ್ಲ ಎನ್ನಬಹುದಿತ್ತು. ನಮ್ಮ ನಕ್ಷೆಯ ಪ್ರಕಾರ ಇರಲಿಲ್ಲ. "ಹುಡುಕುತ್ತೇನೆ" ಎಂದೆ.

ಗುರುವಾರ ಬೆಳಿಗ್ಗೆ ಬಾಸ್ ಕಪಾಟಿನ ತಳದಿಂದ ಆ ಜಾಗದ ಹಳೆಯ ಆವೃತ್ತಿಯ ಹಾಳೆ ಹುಡುಕಿ ಕೊಟ್ಟರು. ಅದರಲ್ಲಿ ದಕ್ಷಿಣದ ಕೆಳಗಿನ ಗೇಟಿನಿಂದ ಹುಲ್ಲುಗಾವಲಿನವರೆಗೆ ತುಂಡು ತುಂಡಾದ ಒಂದು ಗೆರೆ. ಮರ ಸಾಗಿಸಲು ಹಿಂದೆ ಹಾಕಿದ್ದ ರೈಲು ಹಾದಿ, ಹೊಳೆಯನ್ನು ಮುಟ್ಟುವುದೇ ಇಲ್ಲ. ಹೊಸ ಆವೃತ್ತಿಯಲ್ಲಿ ಅದನ್ನು ಬಿಟ್ಟಿದ್ದರು. ಹಳಿಗಳು ಎಂದೋ ಹೋಗಿರುತ್ತವೆ, ಆದರೆ ರೈಲಿಗಾಗಿ ಕಡಿದ ಏರು ಹಾಗೇ ಉಳಿಯುತ್ತದೆ. ಎತ್ತರ ತೋರಿಸುವ ಸಮೋನ್ನತ ರೇಖೆ ಎಣಿಸಿ ನೋಡಿದೆ: ನೂರು ಅಡಿಗೆ ಮೂರು ಅಡಿ ಏರು. ಒಟ್ಟು ನಾಲ್ಕು ಮೈಲಿ. ಪಿಕಪ್ಪಿಗೆ ಅದು ಅಂಗಳವಿದ್ದಂತೆ.

ಗುಮಾಸ್ತೆಯನ್ನು ಕೇಳಿದೆ, ಗಾಡಿ ಒಯ್ಯಬಹುದೇ ಎಂದು. "ಬೇಡ ಅಂದವರಿಲ್ಲ. ಕೇಳಿದವರೂ ಇಲ್ಲ" ಎಂದಳು. ಪ್ರವಾಹದ ನಂತರ ಅಲ್ಲಿ ಯಾರೂ ಹೋಗಿ ನೋಡಿರಲಿಲ್ಲ.

ಉಳಿದದ್ದು ಫೋಟೋ. ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಫೋಟೋಗಳು (ಇಲ್ಲಿ ತೆಗೆಯುವುದಕ್ಕೆ ಮೂರನೆಯ ಅರ್ಥ) ನಮ್ಮಲ್ಲಿದ್ದವು. ಅಕ್ಕಪಕ್ಕದ ಎರಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಸ್ಟೀರಿಯೋಸ್ಕೋಪಿನ ಎರಡು ಗಾಜಿನಲ್ಲಿ ನೋಡಿದರೆ ಬೆಟ್ಟ ಮೇಜಿನಿಂದ ಎದ್ದು ಬರುತ್ತದೆ. ಹಾದಿ ಕಂಡಿತು, ಕೂದಲಿನ ಬೈತಲೆಯ ಹಾಗೆ. ಮೊದಲ ಮೈಲಿಯಲ್ಲಿ ಒಂದು ಕೊರಕಲು, ಎರಡನೆಯ ಮೈಲಿಯಲ್ಲಿ ಇನ್ನೊಂದು. ಎರಡೂ ಕಿರಿದು, ಹಲಗೆ ಹಾಕಿದರೆ ಚಕ್ರ ದಾಟುತ್ತದೆ. ಎರಡೂವರೆ ಮೈಲಿಯ ತಿರುವಿನಲ್ಲಿ ಬೆಟ್ಟದ ಒಂದು ಸಣ್ಣ ತೊರೆ ಹಾದಿಗೆ ಅಡ್ಡ ಬರುತ್ತದೆ. ಸರಿಯಾಗಿ ಅಲ್ಲಿ ಎತ್ತರದ ಮರಗಳ ನೆರಳು. ಫೋಟೋದಲ್ಲಿ ನಾಲ್ಕು ಮಿಲಿಮೀಟರ್, ನೆಲದ ಮೇಲೆ ಇನ್ನೂರು ಅಡಿಗೂ ಮಿಕ್ಕು. ಕಪ್ಪು, ಏನೂ ಕಾಣದು. ನೆರಳು ದಾಟಿದ ಮೇಲೆ ಹಾದಿ ಮತ್ತೆ ಚೆನ್ನಾಗಿದೆ.

ಲೆಕ್ಕ ಸರಳವಾಗಿತ್ತು. ಆ ನೆರಳಿನಲ್ಲಿ ಹಾದಿ ಉಳಿದಿದ್ದರೆ ಗಾಡಿ ಹುಲ್ಲುಗಾವಲಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಕೊಚ್ಚಿ ಹೋಗಿದ್ದರೆ ಅಲ್ಲಿಂದ ಒಂದೂವರೆ ಮೈಲಿ ಏರು, ಒಂದು ಮೈಲಿ ನಡೆಯುವ ಮಂಡಿ.

"ಎರಡು ಸಣ್ಣವು ಅವ, ಮೂರನೇದೂ ಹಂಗ ಇರತದ" ಎಂದರು ಸಹೋದ್ಯೋಗಿ. "ಎರಡು ಒತ್ತಿಬಿಡ್ರಿ. ಮುದುಕಗ ಖುಷಿ ಆಗತದ."

ನಾನು ಒತ್ತಿದೆ. ಪರದೆಯ ಮೇಲೆ ಗೇಟಿನಿಂದ ಹುಲ್ಲುಗಾವಲಿನವರೆಗೆ ಗೆರೆ ಕೂಡಿಕೊಂಡಿತು, ನೋಡಲು ಬಹಳ ಚೆನ್ನಾಗಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ, ಒಂದು ನಿಮಿಷವೂ ಇರಬಹುದು, ಹತ್ತೂ ಇರಬಹುದು. ಆಮೇಲೆ ಆ ತುಂಡನ್ನು ಕತ್ತರಿಸಿ ಬೇರೆ ಮಾಡಿ, ಅದಕ್ಕೆ ಒಂಬತ್ತು ಎಂಬ ಹೊಸ ಅಂಕಿ ಕೊಟ್ಟೆ. ಗೊತ್ತಿಲ್ಲ ಎಂದು ಅರ್ಥ. ಬೂದು ಬಣ್ಣದ ಚುಕ್ಕಿ ಸಾಲು.

ಬಾಸ್ ಕೂದಲಿನ ಪೆನ್ಸಿಲ್ ಕೈಗೆ ಬಂತು. "ಗೊತ್ತಿಲ್ಲ ಎನ್ನುವುದಕ್ಕೆ ಜನ ನಕ್ಷೆ ಯಾಕೆ ತಗೊಳ್ಳಬೇಕು?"

"ಎಲ್ಲಿ ಗೊತ್ತಿಲ್ಲ ಅನ್ನೋದಾದರೂ ಗೊತ್ತಾಗಲಿ ಅಂತ."

ಅವರು ಫೋಟೋವನ್ನು ತಾವೂ ನೋಡಿದರು, ಕನ್ನಡಕ ಹಾಕಿ ಒಮ್ಮೆ, ಕಳಚಿ ಒಮ್ಮೆ. "ಈ ಹಾಳೆಗೆ ಮಾತ್ರ" ಎಂದರು.

ಆ ಅಂಕಿ ಹೊಸದಾದ್ದರಿಂದ ಮುದ್ರಣದ ಪ್ರೋಗ್ರಾಂ ಅದನ್ನು ಒಪ್ಪಲಿಲ್ಲ. ನಕ್ಷೆಯ ಮೂಲೆಯ ಸಂಕೇತಗಳ ಸೂಚಿಯಲ್ಲಿ ಬೂದು ಚುಕ್ಕಿಯ ಜಾಗಕ್ಕೆ ಬಂದರೆ ಸಾಕು, ಕೆಲಸ ನಿಲ್ಲಿಸುತ್ತಿತ್ತು. ಅದನ್ನು ಸರಿಪಡಿಸಿದರೆ ಪೆನ್ನಿನಿಂದ ನಕ್ಷೆ ಬರೆಯುವ ಯಂತ್ರ ಪ್ಲಾಟರಿನ ಬೂದು ಪೆನ್ನು ಒಣಗಿತ್ತು. ಪೆನ್ನಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಕಾಗದದ ಮೇಲೆ ತೀಡಿ, ಮೂರನೆಯ ಸಲಕ್ಕೆ ಹಾಳೆ ಬಂತು. ಅಷ್ಟರಲ್ಲಿ ಗುರುವಾರದ ಕೊರಿಯರ್ ಹೋಗಿಯಾಗಿತ್ತು. ಫ್ಯಾಕ್ಸಿನಲ್ಲಿ ಕಳಿಸಿದರೆ ಎಲ್ಲ ಗೆರೆಯೂ ಒಂದೇ ಕಪ್ಪು.

"ತಪ್ಪು ನಮ್ಮದು. ನಾಳೆ ವ್ಯಾನ್ ಒಯ್ಯಿರಿ" ಎಂದರು ಬಾಸ್.

ಶುಕ್ರವಾರ ಬೆಳಿಗ್ಗೆ ಹೊರಟೆವು. ಸುಮಾರು ಐದು ಗಂಟೆಯ ದಾರಿ, ವರ್ಜೀನಿಯಾದ ದಕ್ಷಿಣ ತುದಿಯಲ್ಲಿ ಹೆದ್ದಾರಿ ಬದಿಯ ಒಂದು ಪ್ಯಾನ್‌ಕೇಕ್ ಹೋಟೆಲು. ಆ ಕಡೆಯಿಂದ ಅವರು ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುವುದೆಂದು ಮಾತಾಗಿತ್ತು. ಸಹೋದ್ಯೋಗಿಯ ಹೆಂಡತಿ ಊರಿನಿಂದ ಬಂದ ಹಿಟ್ಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದರು. ದಾರಿಯುದ್ದಕ್ಕೂ ಅವರು ತೆಗೆ ಎಂಬುದಕ್ಕೆ ಹೊಸ ಹೊಸ ಅರ್ಥ ನೆನಪಿಸಿಕೊಳ್ಳುತ್ತಿದ್ದರು. ಇಪ್ಪತ್ತರವರೆಗೆ ಎಣಿಸಿದೆವು ಎಂದು ನನ್ನ ನೆನಪು, ಹನ್ನೆರಡು ಎಂದು ಅವರದು.

ಪಿಕಪ್ ಆಗಲೇ ನಿಂತಿತ್ತು. ಎತ್ತರದ ಮುದುಕರು ಇಳಿದು ಟೋಪಿ ಮುಟ್ಟಿದರು. ಇನ್ನೊಂದು ಬಾಗಿಲಿನಿಂದ ಗಿಡ್ಡ ಮೈಕಟ್ಟಿನ ಮುದುಕಿ ನಿಧಾನವಾಗಿ ಇಳಿದು, ನನ್ನ ಕೈಯಿಂದ ಹಾಳೆ ಕಿತ್ತುಕೊಂಡಂತೆ ತಗೊಂಡು ಬಾನೆಟ್ ಮೇಲೆ ಹರಡಿದರು. ನಾನು ಮುದುಕರಿಗೆ ವಿವರಿಸತೊಡಗಿದೆ. ಏರು ಕಡಿಮೆ, ನಿಮ್ಮ ಮಂಡಿಗೆ ತೊಂದರೆಯಾಗದು.

"ನನ್ನ ಮಂಡಿಯೇ? ನನ್ನ ಮಂಡಿಗೇನಾಗಿದೆ? ಬೇಟೆಗಾರರು ಇವರು, ಮ್ಯಾಮ್. ಪರ್ಮಿಟ್ ಇವರದು. ನಾನು ಡ್ರೈವರ್ ಮತ್ತು ಅಡುಗೆಯವನು."

"ಅಡುಗೆ ಅಂದರೆ ಡಬ್ಬಿ ಬಿಸಿ ಮಾಡುವುದು" ಎಂದರು ಮುದುಕಿ, ನಕ್ಷೆಯಿಂದ ತಲೆಯೆತ್ತದೆ.

ಫೋನಿನಲ್ಲಿ ಅವರು ನನ್ನ ಮಂಡಿ ಎಂದಿದ್ದರೋ, ಅವಳ ಮಂಡಿ ಎಂದಿದ್ದರೋ, ಈಗ ಹೇಳಲಾರೆ. ನನ್ನ ತಲೆಯಲ್ಲಿ ಅದು ಕನ್ನಡದಲ್ಲಿ, ಯಾರದೆಂದಿಲ್ಲದೆ ಕೂತಿತ್ತು. ಉಳಿದದ್ದನ್ನು ನಾನೇ ತುಂಬಿಕೊಂಡಿದ್ದೆ.

ಮುದುಕಿಯ ಬೆರಳು ಗೇಟಿನಿಂದ ಹೊರಟು ಎರಡು ಕೊರಕಲು ದಾಟಿ ಬೂದು ಚುಕ್ಕಿಗಳ ಹತ್ತಿರ ನಿಂತಿತು. "ಇದೇನು?"

"ಫೋಟೋದಲ್ಲಿ ಅಲ್ಲಿ ನೆರಳಿತ್ತು. ಹಾದಿ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ."

ಅವರು ನನ್ನನ್ನು ಮೊದಲ ಸಲ ನೋಡಿದರು. "ಒಳ್ಳೆಯದು. ಹಿಂದಿನ ನಕ್ಷೆಗೆ ಎಲ್ಲವೂ ಗೊತ್ತಿತ್ತು."

ಸಹೋದ್ಯೋಗಿ ಮೆಲ್ಲಗೆ, "ಅಕ್ಕಾರ, ಸರಿಯಾಗಿ ಬಿತ್ತು ನೋಡ್ರಿ" ಎಂದರು.

ಮುದುಕರು ತಾವು ಮಾಡುವುದನ್ನು ಹೇಳಿದರು. ಮೊದಲು ಗಾಡಿ ನಿಲ್ಲಿಸಿ ನಡೆದು ನೋಡುವುದು. ಉದ್ದನೆಯ ಕಬ್ಬಿಣದ ಸಲಾಕೆಯಿಂದ ಅಡಿಗಡಿಗೂ ಕುಟ್ಟುವುದು, ನೀರು ಒಳಗೇ ಮಣ್ಣು ತಿಂದಿದ್ದರೆ ಶಬ್ದ ಟೊಳ್ಳಾಗಿ ಬರುತ್ತದೆ. ಕಂಬದ ಬುಡ ಲಡ್ಡಾಗಿದೆಯೇ ಎಂದು ನಲವತ್ತು ವರ್ಷ ಹೀಗೆ ಕುಟ್ಟಿ ನೋಡಿದ್ದಾರಂತೆ. ಹಲಗೆ ಎಂಟು, ಸಿಕ್ಕಿಬಿದ್ದ ಗಾಡಿ ಎಳೆಯಲು ಕೈಯಿಂದ ತಿರುಗಿಸುವ ವಿಂಚು ಒಂದು, ಗರಗಸ ಎರಡು, ಎಲ್ಲವೂ ಹಿಂದೆ ಕಟ್ಟಿತ್ತು. "ಹಾದಿ ಇಲ್ಲದಿದ್ದರೆ?" ಎಂದೆ. ಮುದುಕರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಹಾಳೆ ಮಡಿಸುತ್ತಿದ್ದರು. "ಹನ್ನೊಂದು ವರ್ಷ ಕಾದಿದ್ದೇನೆ" ಎಂದರು, ಅದು ಉತ್ತರವೆಂಬಂತೆ.

ಆಮೇಲೆ ರೊಟ್ಟಿ ಬಿಚ್ಚಿದೆವು. ಜೋಳ ಎಂದರೆ ಯಾವುದೆಂದು ಸಹೋದ್ಯೋಗಿ ಹೇಳಿದಾಗ ಮುದುಕಿಯ ಹುಬ್ಬು ಮೇಲೇರಿತು. ಅವರ ಬೆಟ್ಟದಲ್ಲೂ ಅದನ್ನು ಬೆಳೆಯುತ್ತಾರೆ, ಆದರೆ ದಂಟು ಅರೆದು ಕಾಕಂಬಿ ಕಾಯಿಸುವುದಕ್ಕೆ. ಕಾಳನ್ನು ಮನುಷ್ಯರು ತಿನ್ನುತ್ತಾರೆಂದು ಅವರು ಕೇಳಿರಲಿಲ್ಲ. ಚಟ್ನಿ ಹಚ್ಚಿಕೊಂಡು ಒಂದು ತುಂಡು ತಿಂದು, ನೀರು ಕುಡಿದು, ಇನ್ನೆರಡು ರೊಟ್ಟಿ ಪ್ರಯಾಣಕ್ಕೆ ಕಟ್ಟಿಸಿಕೊಂಡರು. ಹಿಂದಿರುಗಿದ ಮೇಲೆ ಫೋನ್ ಮಾಡುತ್ತೇವೆ ಎಂದರು. ಎಲ್ಲರೂ ಕೈ ಕುಲುಕಿದೆವು.

ಫೋನ್ ಬರಲಿಲ್ಲ, ಅಥವಾ ಬಂದಾಗ ನಾವಿರಲಿಲ್ಲ. ನವೆಂಬರಿನಲ್ಲಿ ಕಚೇರಿ ಬೇರೆ ಕಟ್ಟಡಕ್ಕೆ ಹೋಯಿತು, ನಂಬರು ಬದಲಾಯಿತು, ಗಿರಾಕಿಗಳ ಹಳೆಯ ಕಾರ್ಡುಗಳ ಪೆಟ್ಟಿಗೆ ಆ ಗಡಿಬಿಡಿಯಲ್ಲಿ ಎಲ್ಲೋ ಹೋಯಿತು. ನಾನು ಕಾಡಿನ ಗುಮಾಸ್ತೆಗೆ ಒಮ್ಮೆ ಫೋನ್ ಮಾಡಿದೆ. ಸೀಸನ್ನಿನ ಮೊದಲ ದಿನ ಕೆಳಗಿನ ಗೇಟಿನ ಪುಸ್ತಕದಲ್ಲಿ ಕೆರೊಲಿನಾದ ಇಬ್ಬರು ಒಳಗೆ ಹೋದರೆಂದು ಬರೆದಿದೆ, ಆರು ದಿನದ ಮೇಲೆ ಇಬ್ಬರೂ ಹೊರಗೆ ಬಂದರೆಂದು ಬರೆದಿದೆ ಎಂದಳು. ಎಲ್ಕ್ ಸಿಕ್ಕಿತೇ ಎಂದೆ. ಆ ಲೆಕ್ಕ ಬೇರೆ ಇಲಾಖೆಯದಂತೆ.

ವಸಂತದಲ್ಲಿ ನನಗೆ ಗೈದರ್ಸ್‌ಬರ್ಗ್‌ನಲ್ಲಿ ಬೇರೆ ಕೆಲಸ ಸಿಕ್ಕಿತು. ಅದರ ಮುಂದಿನ ಶರತ್ಕಾಲದಲ್ಲಿ ಸಹೋದ್ಯೋಗಿ ಮನೆಗೆ ಬಂದಾಗ ಹೊಸ ಆವೃತ್ತಿಯ ಹಾಳೆ ತಂದಿದ್ದರು. ಕೆಳಗಿನ ಗೇಟಿನಿಂದ ಹುಲ್ಲುಗಾವಲಿನವರೆಗೆ ಪೂರ್ತಿ ಕಪ್ಪು ಗೆರೆ, ಅಂಕಿ ಎರಡು. ಬೂದು ಚುಕ್ಕಿ ಎಲ್ಲೂ ಇರಲಿಲ್ಲ. ಅದನ್ನು ಬದಲಿಸಿದವರು ತಾವಲ್ಲ ಎಂದರು. ಬಾಸ್‌ಗೂ ನೆನಪಿರಲಿಲ್ಲವಂತೆ. ಆ ದಂಪತಿ ಹುಲ್ಲುಗಾವಲು ತಲುಪಿ, ನಮ್ಮ ಹೊಸ ನಂಬರು ಹುಡುಕಿ, ಹಾದಿ ಇದೆ ಎಂದು ಯಾರಿಗಾದರೂ ತಿಳಿಸಿದರೋ, ಅಥವಾ ನಡುವೆ ಬೂದು ಬಣ್ಣ ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಗೆರೆ ಕೂಡಿಸಿಬಿಟ್ಟರೋ, ನನಗೆ ಗೊತ್ತಿಲ್ಲ.